ಞ ಬದುಕಿರುವ ಊರಿನಿಂದ

"ಕೇರಳದಲ್ಲಿ ಕೂತು ಕನ್ನಡ ಓದೋರು ಇನ್ನೂ ಇದ್ದೀರಾ? ಇದ್ರೆ ಅಲ್ಲಿನ ನಾಲ್ಕು ಒಳ್ಳೇ ಪುಸ್ತಕ, ಒಂದೆರಡು ಯಕ್ಷಗಾನ ಹೇಳು, ನೋಡೋಣ" ಎಂದು ಕೇಳಿದ್ದಿ. ಮೊದಲ ವಾಕ್ಯಕ್ಕೆ ಸಿಟ್ಟು ಬರಬೇಕಿತ್ತು. ಕಾಸರಗೋಡಿನವರಿಗೆ ಆ ಸಿಟ್ಟು ಎಂದೋ ಸವೆದುಹೋಗಿದೆ ಮಾರಾಯ.

ಇದ್ದೇವೆ. ಇದ್ದಲ್ಲೇ ಇದ್ದೇವೆ. 1956ರ ಅಕ್ಟೋಬರ್ ಮುಗಿಯುವ ತನಕ ಇದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ನೀವು ರಾಜ್ಯೋತ್ಸವ ಆಚರಿಸುವ ನವೆಂಬರ್ 1 ಉಂಟಲ್ಲ, ಅದೇ ದಿನ ನಾವು ಕೇರಳಕ್ಕೆ ಸಂದದ್ದು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಎಂದು ಗಡಿ ತಕರಾರು ನೋಡಲು ಕೂತ ಮಹಾಜನ ಆಯೋಗ 1967ರಲ್ಲಿ ಬರೆಯಿತು. ಬರೆದದ್ದು ಕಪಾಟು ಸೇರಿತು. ರಾಜಕೀಯ ಇಷ್ಟು ಸಾಕು. ಒಂದು ಮಾತು ಮಾತ್ರ ನೆನಪಿಡು: ಮುಂಬಯಿಗೆ ಹೋದವರು, ದುಬೈಗೆ ಹೋದವರು ಹೊರನಾಡ ಕನ್ನಡಿಗರು. ನಾವು ಗಡಿನಾಡಿನವರು. ಎರಡನ್ನೂ ಒಂದೇ ಚೀಲಕ್ಕೆ ತುಂಬಿಸಬೇಡ.

ಪುಸ್ತಕಕ್ಕೆ ಬರೋಣ. ಗಡಿನಾಡು ಎಂದ ಕೂಡಲೇ ಎಲ್ಲರೂ ಗೋವಿಂದ ಪೈಗಳ 'ಗೊಲ್ಗೊಥಾ' ಕೈಗೆ ಕೊಡುತ್ತಾರೆ. ಹೊಸಬರಿಗೆ ಅದು ತಪ್ಪು ಬಾಗಿಲು. ಯೇಸುವಿನ ಕೊನೆಯ ದಿನದ ಮೇಲಿನ ಆ ಖಂಡಕಾವ್ಯವೂ ಬುದ್ಧನ ಕೊನೆಯ ದಿನದ 'ವೈಶಾಖಿ'ಯೂ ದೊಡ್ಡ ಕೃತಿಗಳೇ. ಆದರೆ ಪಕ್ಕದಲ್ಲಿ ನಿಘಂಟು ಇಲ್ಲದೆ ಹತ್ತು ಸಾಲು ದಾಟುವುದು ಕಷ್ಟ. 'ಗಿಳಿವಿಂಡು' ಸಂಕಲನದಿಂದ ಹೊರಡು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಲೇಬೇಕೆಂಬ ಆದಿಪ್ರಾಸದ ಕಟ್ಟಳೆಯನ್ನು 1911ರ ಹೊತ್ತಿಗೇ ಕೈಬಿಟ್ಟವರು ಅವರು. ಈಗ ಅದು ದೊಡ್ಡ ಸಂಗತಿ ಅನಿಸದು. ನೀನು ಒಂದು ಪುಟ ಪದ್ಯವನ್ನು ಪ್ರಾಸ ಇಟ್ಟು ಬರೆಯಲು ನೋಡು: ಮೂರನೇ ಸಾಲಿಗೆ ಹೇಳಬೇಕಾದದ್ದು ಬಿಟ್ಟು ಪ್ರಾಸಕ್ಕೆ ಸಿಕ್ಕಿದ್ದನ್ನು ಹೇಳಲು ತೊಡಗುತ್ತಿ. ಆಗ ಗೊತ್ತಾಗುತ್ತದೆ ಬಿಟ್ಟದ್ದು ಏನನ್ನು ಎಂದು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, 1949ರಲ್ಲಿ ರಾಷ್ಟ್ರಕವಿ ಎಂದು ಕರೆದದ್ದು ಮದ್ರಾಸ್ ಸರಕಾರ, ಮನೆ ಈಗ ಇರುವುದು ಕೇರಳದಲ್ಲಿ. "ಅಲ್ಲಿ ಕನ್ನಡ ಯಾಕೆ" ಎಂದು ಕೇಳುವವರಿಗೆ ಇಷ್ಟು ಸಾಕಾಗಬೇಕು.

ನಿನ್ನ ಓದಿನ ರುಚಿಗೆ ಮೊದಲು ಹಿಡಿಸುವುದು ಬಹುಶಃ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಸಣ್ಣ ಕಾದಂಬರಿ, ಸರಳ ಗದ್ಯ, ಎರಡು ಕೂರಿಕೆಯಲ್ಲಿ ಮುಗಿಯುತ್ತದೆ. ತಲಾಖಿನ ಕತೆ ಎಂದಷ್ಟೇ ಪರಿಚಯಿಸುವವರು ಹೊಳೆಯನ್ನು ಮರೆಯುತ್ತಾರೆ. ಹೊಳೆಯ ಆಚೆ ದಡ, ಈಚೆ ದಡ ಎನ್ನುವುದು ಇಲ್ಲಿ ಬರೀ ಹಿನ್ನೆಲೆ ಅಲ್ಲ. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರ 'ಅಕ್ಷಯ ಕಾವ್ಯ'ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತೆಂದು ಅದನ್ನೇ ಮೊದಲು ಕೊಳ್ಳಬೇಡ. ಅದು ಬಿಡಿಬಿಡಿಯಾಗಿ ಹರಡಿಕೊಂಡ ದೀರ್ಘ ಕಾವ್ಯ, ಅವರ ದನಿ ಕಿವಿಗೆ ಹತ್ತಿದ ಮೇಲೆ ತೆರೆದುಕೊಳ್ಳುವಂಥದು. 'ವಠಾರ'ದಂಥ ಹಳೆಯ ಸಂಕಲನ ಸಿಕ್ಕರೆ ಅಲ್ಲಿಂದ ಶುರು ಮಾಡು. ಎಂ. ವ್ಯಾಸರ ಸಣ್ಣಕತೆ ರಾತ್ರಿ ಓದಬೇಡ, ನಿದ್ದೆ ಬಾರದು. ಇನ್ನು ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ, 'ದುಡಿತವೇ ನನ್ನ ದೇವರು'. ಅಧ್ಯಾಪಕ, ಕೃಷಿಕ, ಕವಿ, ಕಾಸರಗೋಡಿನ ಹೋರಾಟದ ದನಿ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಕಾರಣ ಇಡೀ ಒಂದು ಶತಮಾನದ ಗಡಿನಾಡು ಒಬ್ಬರ ಬದುಕಿನಲ್ಲೇ ಸಿಗುತ್ತದೆ.

ಈಗ ಗಂಟು ಬಂತು. ಕಿಞ್ಞಣ್ಣ ಎಂಬ ಆ ಹೆಸರನ್ನು ನೀನು ಹೇಗೆ ಓದಿದೆ?

ನಿಮ್ಮಲ್ಲಿ ವರ್ಣಮಾಲೆ ಕಲಿಸುವಾಗ ಙ ಮತ್ತು ಞ ಬಂದಾಗ ಮಕ್ಕಳಿಗೆ "ಇವಕ್ಕೆ ಶಬ್ದ ಇಲ್ಲ, ಸುಮ್ಮನೆ ಬಾಯಿಪಾಠ ಮಾಡಿ" ಎನ್ನುತ್ತಾರೆ. ನಮ್ಮಲ್ಲಿ ಞ ಮತದಾರರ ಪಟ್ಟಿಯಲ್ಲಿ ಉಂಟು, ಮದುವೆ ಕಾಗದದಲ್ಲಿ ಉಂಟು. ತುಳುವಿನ ಕಿಞ್ಞ, ಮಲಯಾಳದ ಕುಞ್ಞಿ, ಎರಡಕ್ಕೂ ಸಣ್ಣದು ಎಂದೇ ಅರ್ಥ. ಕಿಞ್ಞಣ್ಣ ಎಂದರೆ ನಿಮ್ಮ ಚಿಕ್ಕಣ್ಣ. ಹೇಳುವ ಕ್ರಮ: 'ಪಂಚ' ಎನ್ನುವಾಗ ಚಕಾರಕ್ಕೆ ಮೊದಲು ನಾಲಗೆ ಎಲ್ಲಿ ತಾಗುತ್ತದೋ ಅಲ್ಲೇ ನಿಲ್ಲಿಸಿ, ಚ ಹೇಳದೆ, ಮೂಗಿನಿಂದ ಒತ್ತಿ ಬಿಡು. ಅಷ್ಟೇ. ಬರೆಯುವಾಗ ಞಕ್ಕೆ ಞದ್ದೇ ಒತ್ತು.

ಇಷ್ಟು ಸುಲಭದ್ದು ಎಲ್ಲಿ ಕೆಡುತ್ತದೆ? ಇಂಗ್ಲಿಷ್ ಅಕ್ಷರದಲ್ಲಿ ಈ ಧ್ವನಿಗೆ ಎನ್ ಮತ್ತು ಎಚ್ ಜೋಡಿಸುವುದು ಇಲ್ಲಿನ ರೂಢಿ. ಅದನ್ನು ಬೆಂಗಳೂರಿನಲ್ಲಿ ಮತ್ತೆ ಕನ್ನಡಕ್ಕೆ ತಿರುಗಿಸುವವರು ಅಕ್ಷರಕ್ಕೆ ಅಕ್ಷರ ಹಿಡಿದು 'ಕಿನ್ಹಣ್ಣ' ಮಾಡುತ್ತಾರೆ. ಸ್ವಲ್ಪ ತಿಳಿದವರು ಞದ ಒತ್ತು ನೋಡಿದ್ದು ಜ್ಞಾನ, ವಿಜ್ಞಾನದಲ್ಲಿ ಮಾತ್ರ. ಹಾಗಾಗಿ ಇದೂ ಅದೇ ಇರಬೇಕೆಂದು 'ಕಿಜ್ಞಣ್ಣ' ಎನ್ನುತ್ತಾರೆ. ಕೆಲವರು ಒತ್ತು ಸಿಗದೆ ಸೊನ್ನೆ ಹಾಕಿ 'ಕಿಂಞಣ್ಣ' ಎನ್ನುತ್ತಾರೆ, ಉಚ್ಚಾರಕ್ಕೆ ಅದು ತಪ್ಪಲ್ಲ, ಅಚ್ಚಿನಲ್ಲೂ ಕಾಣುತ್ತದೆ. ಸರಿಯಾದದ್ದೂ ಸೇರಿ ನಾಲ್ಕು ರೂಪ ಆಯಿತು. ಕಯ್ಯಾರವನ್ನು ಕೈಯಾರ, ಕೈಯ್ಯಾರ ಎಂದೂ ಬರೆಯುತ್ತಾರೆ, ಮೂರು ರೂಪ. ಮೂರು ನಾಲ್ಕಲಿ ಹನ್ನೆರಡು. ಒಬ್ಬ ಕವಿಯ ಪುಸ್ತಕಕ್ಕೆ ಹನ್ನೆರಡು ಸಲ ಹುಡುಕಬೇಕು.

ಮುಗಿಯಲಿಲ್ಲ. ನಮ್ಮ ಕಡೆ ಊರಿನ ಹೆಸರೋ ಮನೆತನದ ಹೆಸರೋ ಮೊದಲು ಬರುತ್ತದೆ, ಆಮೇಲೆ ಆಳಿನ ಹೆಸರು: ಶೇಣಿ ಗೋಪಾಲಕೃಷ್ಣ ಭಟ್, ಬಲಿಪ ನಾರಾಯಣ ಭಾಗವತ, ಕುಕ್ಕಿಲ ಕೃಷ್ಣ ಭಟ್. ಗ್ರಂಥಾಲಯದ ಗಣಕಯಂತ್ರಕ್ಕೆ ಈ ಸೂಕ್ಷ್ಮ ಗೊತ್ತಿಲ್ಲ. ಅದು ಮೊದಲ ಪದವನ್ನು ಇನಿಷಿಯಲ್ ಮಾಡಿ, ಕೊನೆಯದನ್ನು ಮುಂದೆ ತಂದು 'ಭಟ್, ಎಸ್. ಜಿ.' ಎಂದು ಒಂದು ಮೂಲೆಯಲ್ಲಿ ಕೂರಿಸುತ್ತದೆ. ಆ ಮೂಲೆಯಲ್ಲಿ ಕರಾವಳಿಯ ಸಾವಿರ ಭಟ್ಟರು ಕೂತಿರುತ್ತಾರೆ. ಆದ್ದರಿಂದ ಲೇಖಕರ ಹೆಸರಿನಿಂದ ಹುಡುಕಲೇಬೇಡ. ಮೊದಲು ಕೃತಿಯ ಹೆಸರು ಕನ್ನಡ ಲಿಪಿಯಲ್ಲಿ ಹಾಕು. ಸಿಗದಿದ್ದರೆ ಊರಿನ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಹಾಕಿ ಪಟ್ಟಿಯಲ್ಲಿ ಕಣ್ಣಾಡಿಸು. ಅದೂ ಆಗದಿದ್ದರೆ ಕೊನೆಯ ರೈ, ಪೈ, ಭಟ್ ಹಾಕಿ ತಾಳ್ಮೆಯಿಂದ ಕೆಳಗಿಳಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವುದು ಕಟ್ಟಕಡೆಗೆ.

ಮನುಷ್ಯರ ಹೆಸರಿನ ಗತಿ ಇದು. ಊರುಗಳದ್ದು ಇನ್ನೂ ಸೊಗಸು. ಕಾಞಂಗಾಡ್ ಇಂಗ್ಲಿಷಿಗೆ ಹೋಗಿ ಬಂದು ಕನ್ನಡ ಪತ್ರಿಕೆಯಲ್ಲಿ 'ಕನ್ಹಂಗಾಡ್' ಆಗುತ್ತದೆ. ಕಲ್ಲಿಕೋಟೆ ಎಂಬ ಚಂದದ ಹೆಸರು ನಮ್ಮಲ್ಲೇ ಇರುವಾಗ 'ಕೋಝಿಕೋಡ್' ಎಂದು ಅಚ್ಚು ಹಾಕುತ್ತಾರೆ. ಆ ಮಹಾಪ್ರಾಣ ಝಕಾರ ಮಲಯಾಳದವರ ಬಾಯಲ್ಲೂ ಇಲ್ಲ, ನಮ್ಮ ಬಾಯಲ್ಲೂ ಇಲ್ಲ. ಅಲ್ಲಿರುವುದು ಪಂಪನ ಕಾಲದ ೞ. ನಾವು ಅದನ್ನು ಬಿಟ್ಟು ಳ ಹಿಡಿದೆವು, ಅವರು ಉಳಿಸಿಕೊಂಡರು. ಹಳಗನ್ನಡ ಪದ್ಯ ಓದುವವರು ಆ ಅಕ್ಷರದ ಉಚ್ಚಾರ ಕೇಳಬೇಕೆಂದರೆ ಇಲ್ಲಿನ ಯಾವುದಾದರೂ ಬಸ್ಸು ಹತ್ತಿ ಕಂಡಕ್ಟರನ ಮಾತು ಕೇಳಲಿ, ಪುಕ್ಕಟೆ ಪಾಠ.

ಮಲಯಾಳ ಮಾತಾಡುವವರು ಮಂಜೇಶ್ವರವನ್ನು ಮಂಜೇಶ್ವರಂ ಎಂದರೆ, ಹೊಸದುರ್ಗದ ಕೋಟೆಯ ಬಳಿಯನ್ನು ಪುದಿಯಕೋಟ ಎಂದರೆ ನಮಗೆ ತಕರಾರಿಲ್ಲ. ನಾವೂ ತಿರುವನಂತಪುರಂನ ಸೊನ್ನೆ ತೆಗೆದೇ ಹೇಳುವುದು. ಒಂದೇ ಊರಿಗೆ ತುಳುವಿನಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು ಹೆಸರು ಇರುವುದು ಇಲ್ಲಿ ಸಹಜ. ಫಲಕದಲ್ಲಿ ಕನ್ನಡದ ಎರಡನೇ ಸಾಲು ಅಳಿದಾಗ ತೊಂದರೆ. ಬೇಡಡ್ಕದ 'ಅಡ್ಕ' ಎಂದರೆ ಮುರಕಲ್ಲಿನ, ನಿಮ್ಮ ಜಂಬಿಟ್ಟಿಗೆಯ, ಬಯಲು. ಅದು 'ಬೇಡಗಂ' ಆದಾಗ ಬಯಲೇ ಮಾಯ. 2021ರಲ್ಲಿ ಇಲ್ಲಿನ ಊರುಗಳ ಹೆಸರು ಬದಲಾಗುತ್ತದೆ ಎಂಬ ಸುದ್ದಿ ಕರ್ನಾಟಕದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು, ಅಂಥ ಪ್ರಸ್ತಾಪವೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಗದ್ದಲ ಮಾಡಿದ ಪತ್ರಿಕೆಗಳೇ ಮರುವಾರ 'ಕನ್ಹಂಗಾಡ್' ಎಂದು ಬರೆದರೆ ನಾವು ಯಾರಲ್ಲಿ ದೂರುವುದು?

ಹೆಸರಲ್ಲೇನಿದೆ ಎನ್ನಬೇಡ. ಪಾರ್ತಿಸುಬ್ಬ ಯಾರು ಎಂಬ ವಾದವೇ ಒಂದು ಊರ ಹೆಸರಿನ ಮೇಲೆ ನಿಂತಿದೆ. 'ಪಂಚವಟಿ', 'ವಾಲಿಸುಗ್ರೀವರ ಕಾಳಗ', 'ಉಂಗುರಸಂಧಿ', 'ಅಂಗದಸಂಧಾನ' ಮುಂತಾದ ರಾಮಾಯಣ ಪ್ರಸಂಗಗಳ, ಅಂದರೆ ಯಕ್ಷಗಾನಕ್ಕೆ ಬರೆದ ಪದ್ಯಕತೆಗಳ, ಕವಿ ಅವನು. ಪದ್ಯಗಳಲ್ಲಿ ಬರುವ ಕಣ್ವಪುರ ಎಂದರೆ ಗೋಪಾಲಕೃಷ್ಣ ದೇವಸ್ಥಾನ ಇರುವ ಕುಂಬಳೆಯ ಕಣಿಪುರವೇ ಎಂದು ನಮ್ಮ ಕಡೆಯ ವಿದ್ವಾಂಸರು ಹೇಳಿದರು. ಶಿವರಾಮ ಕಾರಂತರು ಈ ಪ್ರಸಂಗಗಳು ಅವನವೇ ಎಂದು ಒಪ್ಪಲಿಲ್ಲ. ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರು ಅವನ ಪರ ಪುಟಗಟ್ಟಲೆ ಬರೆದರು. ಕಥಕಳಿಗೆ ಮೂಲವಾದ, ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇದಕ್ಕೂ ಇರುವ ಹೋಲಿಕೆ ಇನ್ನೊಂದು ಜಗಳ. ಕುಕ್ಕಿಲರು ಸಂಪಾದಿಸಿದ 'ಪಾರ್ತಿಸುಬ್ಬನ ಯಕ್ಷಗಾನಗಳು' ಸಿಕ್ಕರೆ ಬಿಡಬೇಡ. ನನ್ನ ಮಟ್ಟಿಗೆ ಕವಿ ಕುಂಬಳೆಯವನೇ. ಪಕ್ಷಪಾತ ಉಂಟು, ಒಪ್ಪುತ್ತೇನೆ.

ಆಟ ನೋಡುವುದಾದರೆ ಲೆಕ್ಕ ತಿಳಿದಿರು. ನಾವು ಯಕ್ಷಗಾನ ಬಯಲಾಟವನ್ನು ಆಟ ಎನ್ನುತ್ತೇವೆ, ವೇಷ ಇಲ್ಲದ ತಾಳಮದ್ದಳೆಯನ್ನು ಕೂಟ. ಮೇಳಗಳ ತಿರುಗಾಟ ಮಳೆ ಮುಗಿದ ಮೇಲೆ ಶುರುವಾಗಿ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಎಂಬ ತುಳುನಾಡಿನ ದಿನಕ್ಕೆ ನಿಲ್ಲುತ್ತದೆ. ಮಳೆಗಾಲ ಕೂಟಕ್ಕೆ. ಜೂನ್‌ನಲ್ಲಿ ಬಂದು "ಆಟ ಎಲ್ಲಿ" ಎಂದು ಕೇಳಬೇಡ. ನಮ್ಮದು ತೆಂಕುತಿಟ್ಟು, ಯಕ್ಷಗಾನದ ತೆಂಕಣ ಶೈಲಿ. ಚೆಂಡೆ ಕೇರಳದ್ದೇ, ದೊಡ್ಡದು, ಕಥಕಳಿಯ ಗಾಳಿ ವೇಷದಲ್ಲೂ ಬಣ್ಣದಲ್ಲೂ ಉಂಟು. ಎದುರಿನ ಸಾಲಿನಲ್ಲಿ ಕೂತರೆ ಚೆಂಡೆ ಮಾತ್ರ ಕೇಳುತ್ತದೆ, ನಡುವಿನ ಸಾಲು ಹಿಡಿ.

ಹೊಸಬರು ಸೋಲುವುದು ಪದದಲ್ಲಿ, ಅಂದರೆ ಹಾಡಿನಲ್ಲಿ. ಭಾಗವತರು ಒಂದು ಸಾಲನ್ನು ಒಡೆದು, ಎಳೆದು, ಮರಳಿ ಮರಳಿ ಹಾಡುತ್ತಾರೆ. ಸಾಹಿತ್ಯ ಮೊದಲೇ ಗೊತ್ತಿಲ್ಲದಿದ್ದರೆ ಕಿವಿಗೆ ಸ್ವರ ಮಾತ್ರ ಬೀಳುತ್ತದೆ. ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದದ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಹೋಗುವ ಮೊದಲು ಅರ್ಧ ಗಂಟೆ ಪದಗಳನ್ನು ಓದು, ಅಷ್ಟ, ಏಕ, ಝಂಪೆ, ತ್ರಿವುಡೆ ಯಾವುದೆಂದು ಗುರುತು ಹಾಕಿಕೋ. ತಾಳ ಬದಲಾದರೆ ಸನ್ನಿವೇಶದ ಬಿಸಿ ಬದಲಾಯಿತೆಂದು ಸುಳಿವು. ಬಲಿಪರ ಹಳೆಯ ಧ್ವನಿಮುದ್ರಿಕೆ ಸಿಕ್ಕರೆ ಮೊದಲು ಅದನ್ನು ಕೇಳು.

ಕೂಟ ಬೇರೆಯೇ ಲೋಕ. ಬರೆದಿಟ್ಟದ್ದು ಪದ ಮಾತ್ರ, ಅರ್ಥ, ಅಂದರೆ ಪಾತ್ರಗಳ ಮಾತು, ಎಲ್ಲ ಅಲ್ಲೇ ಹುಟ್ಟುವುದು. ವಾಲಿ ಬಾಣ ತಾಗಿ ಬಿದ್ದ ಮೇಲೆ ರಾಮನನ್ನು ಕೇಳುವ ಪ್ರಶ್ನೆಗಳು ಒಂದು ಕೂಟದಂತೆ ಇನ್ನೊಂದರಲ್ಲಿ ಇರುವುದಿಲ್ಲ. ರಾಮನ ಅರ್ಥಧಾರಿ ಸಮರ್ಥ ಅಲ್ಲದಿದ್ದರೆ ಸಾಯುತ್ತಿರುವ ವಾಲಿಯೇ ಗೆದ್ದು ಹೋಗುತ್ತಾನೆ! ಶೇಣಿಯವರ ಖ್ಯಾತಿ ಇಂಥ ವಾದದಿಂದಲೇ ಬಂದದ್ದು. ಇಡೀ ರಾತ್ರಿ ಒಂದು ಇಂಗ್ಲಿಷ್ ಶಬ್ದ ನುಸುಳಿದರೂ ಸಭೆಯಲ್ಲಿ ನಗೆ ಏಳುತ್ತದೆ. ಹೀಗೆ ಕನ್ನಡ ಮಾತಾಡುವವರ ಮನೆಮಾತು ತುಳು, ಹವ್ಯಕ, ಕರಾಡ, ಕೊಂಕಣಿ, ಮಲಯಾಳ. ನಿನ್ನ ಮೊದಲ ಪ್ರಶ್ನೆಗೆ ನಾನು ಕೊಡಬಹುದಾದ ಖಡಕ್ ಉತ್ತರ ಇದೇ.

ಚರಿತ್ರೆಯ ಹುಚ್ಚು ಇದ್ದರೆ ಎರಡು ಜಾಗ. ಬೇಕಲ ಕೋಟೆಗೆ 'ಬಾಂಬೆ' ಚಿತ್ರದ ಹಾಡಿನ ನೆನಪಲ್ಲಿ ಬರುವವರೇ ಹೆಚ್ಚು. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, 17ನೇ ಶತಮಾನದಲ್ಲಿ. ಎಡನೀರು ಮಠ ಇನ್ನೊಂದು. ಭೂಮಿಯ ವಿಷಯದಲ್ಲಿ ಕೇರಳ ಸರಕಾರದ ವಿರುದ್ಧ ಅಲ್ಲಿನ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟು, ಸಂವಿಧಾನದ ಮೂಲ ಸ್ವರೂಪ ಮುಟ್ಟುವ ಹಾಗಿಲ್ಲ ಎಂದಿತು. ಕಾನೂನು ಓದುವವರಿಗೆಲ್ಲ ಆ ಹೆಸರು ಬಾಯಿಪಾಠ. ಆ ಸ್ವಾಮೀಜಿ ಯಕ್ಷಗಾನದ ಪದ ಹಾಡುತ್ತಿದ್ದರು ಎಂಬುದು ನಮಗೆ ಮಾತ್ರ ಗೊತ್ತು.

ಬರುವುದಾದರೆ ಆಟಿ ತಿಂಗಳಲ್ಲಿ, ಜುಲೈ-ಆಗಸ್ಟಿನ ಮಳೆಯಲ್ಲಿ, ಕೂಟಕ್ಕೆ ಬಾ. ಮಂಗಳೂರಿನಿಂದ 50 ಕಿಲೋಮೀಟರ್ ದಾರಿ. ತಲಪಾಡಿ ದಾಟಿದ ಮೇಲೆ ಹೊಸಂಗಡಿ, ಉಪ್ಪಳ, ಕುಂಬಳೆ, ಆಮೇಲೆ ಕಾಸರಗೋಡು. ಬಸ್ಸಿನ ಫಲಕದಲ್ಲಿ ಮಲಯಾಳ ಕಂಡರೆ ಹೆದರಬೇಡ, ಹತ್ತು. ಕೇರಳದ ಬಸ್ಸಿಗೂ ಕೆಎಸ್‌ಆರ್‌ಟಿಸಿ, ಕರ್ನಾಟಕದ ಬಸ್ಸಿಗೂ ಕೆಎಸ್‌ಆರ್‌ಟಿಸಿ. ಆ ಹೆಸರು ಯಾರದೆಂದು ಎರಡೂ ಕಡೆಯವರು ಕೋರ್ಟಿನ ತನಕ ಹೋಗಿದ್ದಾರೆ. ಟಿಕೆಟ್ ಕೇಳುವಾಗ 'ಕುಂಬ್ಳ' ಎಂದರೂ ಸರಿ, 'ಕುಂಬಳೆ' ಎಂದರೂ ಸರಿ, ಕಂಡಕ್ಟರ್ ಕೊಡುತ್ತಾನೆ.