ಅಥ್ಲೆಟಿಕ್ಸ್ ತಂಡದ ಮೂಲ ಊರು ಮತ್ತು ಅಂಗಿಯ ಮೇಲಿನ ಆನೆ

ಅಮೆರಿಕದ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್‌ಗೆ ಓಕ್ಲೆಂಡ್ ಹುಟ್ಟೂರಾ, ಅವರ ಅಂಗಿ ಮೇಲೆ ಆನೆ ಯಾಕೆ ಅಂತ ಕೇಳಿದ್ದೀರಿ. ಹುಟ್ಟೂರಲ್ಲ. ಅಥ್ಲೆಟಿಕ್ಸ್ ಶುರುವಾದದ್ದು 1901ರಲ್ಲಿ, ಫಿಲಡೆಲ್ಫಿಯಾದಲ್ಲಿ. ಈ ತಂಡ ಮಾಲೀಕರ ಪಾಲಿಗೆ ಬಿಳಿಯಾನೆ ಆಗುತ್ತೆ ಅಂತ ಇನ್ನೊಂದು ತಂಡ ನ್ಯೂಯಾರ್ಕ್ ಜೈಂಟ್ಸ್‌ನ ಮ್ಯಾನೇಜರ್ (ಮುಖ್ಯ ಕೋಚ್) ಜಾನ್ ಮೆಕ್‌ಗ್ರಾ ಹಂಗಿಸಿದ. ಅಥ್ಲೆಟಿಕ್ಸ್‌ನ ಮ್ಯಾನೇಜರ್ ಕಾನಿ ಮ್ಯಾಕ್ ಆ ಆನೆಯನ್ನೇ ಲಾಂಛನ ಮಾಡಿಕೊಂಡ!

ಈ ಮ್ಯಾಕ್ ವಿಚಿತ್ರ ಆಸಾಮಿ. ತಂಡದ ಸಮವಸ್ತ್ರದ ಬದಲು ಸೂಟು ಹಾಕಿಕೊಂಡೇ 1950ರವರೆಗೆ, ಅಂದರೆ 50 ಸೀಸನ್ ತಂಡ ನಡೆಸಿದ. 5 ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) ಗೆದ್ದ. ಆದರೆ ದುಡ್ಡಿನ ಮುಗ್ಗಟ್ಟು ಬಂದಾಗಲೆಲ್ಲ ಒಳ್ಳೊಳ್ಳೆ ಆಟಗಾರರನ್ನು ಮಾರಿಬಿಡುತ್ತಿದ್ದ. 1914ರಲ್ಲಿ ಫೈನಲ್ ಆಡಿದ ತಂಡ 1916ರಲ್ಲಿ 117 ಪಂದ್ಯ ಸೋತಿತು. ಇಂಥ ಪತನ ನಾನಂತೂ ಬೇರೆಲ್ಲೂ ಕಂಡಿಲ್ಲ.

1955ರಿಂದ ಕಾನ್ಸಾಸ್ ಸಿಟಿ. ಅಲ್ಲಿನ 13 ವರ್ಷದಲ್ಲಿ ಒಂದು ಸಲವೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. 1968ರಲ್ಲಿ ಓಕ್ಲೆಂಡ್‌ಗೆ ಬಂದ ಮೇಲೆ 1972, 73, 74 ಸತತ ಮೂರು ಸಲ ಚಾಂಪಿಯನ್, ಆಮೇಲೆ 1989. ಆ ಸೀರೀಸ್ ನಡುವೆಯೇ ಭೂಕಂಪವಾಗಿ ಆಟ 10 ದಿನ ನಿಂತಿತ್ತು.

2024ರ ಸೆಪ್ಟೆಂಬರ್‌ನಲ್ಲಿ ಓಕ್ಲೆಂಡ್‌ನ ಕೊನೆಯ ಪಂದ್ಯ ಮುಗಿಸಿ ಹೊರಟರು. 2025ರಿಂದ ಸ್ಯಾಕ್ರಮೆಂಟೊದ ಚಿಕ್ಕ ಮೈದಾನದಲ್ಲಿ ಬಿಡಾರ. ಮುಂದಿನ ಗುರಿ ಲಾಸ್ ವೇಗಸ್.