ಕೊಲೊನೋಸ್ಕೋಪಿ ಕೋಣೆಯ ಎರಡನೇ ಜೋಡಿ ಕೈ

ಶಿರಸಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ:

"ಹೋದ ತಿಂಗಳು ನೀವು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆಯ ಬಗ್ಗೆ ಬರೆದಿರಿ. ಅನುಭವ ಇರುವ ಡಾಕ್ಟರನ್ನು ನೋಡಿ ಹೋಗಿ ಎಂದಿರಿ. ನಮ್ಮ ಯಜಮಾನರಿಗೆ 54 ವರ್ಷ. ಮಲದಲ್ಲಿ ರಕ್ತ ಹೋಗುತ್ತಿತ್ತು. ಮೊದಲ ಸಲ ಪರೀಕ್ಷೆ ಅರ್ಧಕ್ಕೇ ನಿಂತಿತು. ಬಾಗಿಲ ಹೊರಗೆ ಕೂತಿದ್ದ ನನಗೆ 'ಅಲ್ಲಿ ಅಲ್ಲಮ್ಮಾ, ಇನ್ನೂ ಕೆಳಗೆ ಒತ್ತು' ಎಂದು ಡಾಕ್ಟರು ಮೂರು ಸಲ ಹೇಳಿದ್ದು ಕೇಳಿಸಿತು. ಇವರು ನೋವಿಗೆ ಕೂಗಿದ್ದೂ ಕೇಳಿಸಿತು. ಎರಡು ತಿಂಗಳು ಬಿಟ್ಟು ಬೇರೆ ಊರಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಸ್ವಲ್ಪ ವಯಸ್ಸಾದ ಸಿಸ್ಟರ್ ಇದ್ದರು. ಅರ್ಧ ಗಂಟೆಯೊಳಗೆ ಮುಗಿಯಿತು. ಕರುಳಿನ ಒಳಗೋಡೆಯಲ್ಲಿ ಒಂದು ಪಾಲಿಪ್ (ಸಣ್ಣ ಗಂಟು) ಸಿಕ್ಕಿತು, ತೆಗೆದರು. ಸಹಾಯಕ್ಕೆ ನಿಂತವರಿಂದ ಇಷ್ಟು ವ್ಯತ್ಯಾಸ ಆಗುತ್ತದೆಯೇ? ನಾವು ಕೇಳುವುದು ಡಾಕ್ಟರ್ ಹೆಸರು ಮಾತ್ರ. ನನ್ನ ಮೈದುನನಿಗೂ ಈ ಪರೀಕ್ಷೆ ಬೇಕೇ?"

ನಮಸ್ಕಾರ ಅಕ್ಕ,

ಆಗುತ್ತದೆ. ನಾವಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಗುತ್ತದೆ. ಹೋದ ತಿಂಗಳ ಲೇಖನದಲ್ಲಿ ಡಾಕ್ಟರ ಬಗ್ಗೆ ಎರಡು ಪುಟ ಬರೆದೆವು. ಪಕ್ಕದಲ್ಲಿ ನಿಲ್ಲುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ನಮ್ಮ ತಪ್ಪು. ಅದಕ್ಕೇ ಈ ಉತ್ತರ ಉದ್ದವಾಗಿದೆ.

ಮೊದಲೇ ಒಂದು ಮಾತು. ನಿಮ್ಮ ಯಜಮಾನರ ಮೊದಲ ಪರೀಕ್ಷೆ ನಿಂತದ್ದು ಹೊಟ್ಟೆ ಒತ್ತಲು ನಿಂತಿದ್ದ ಆ ಹೊಸ ಹುಡುಗಿಯಿಂದಲೇ ಎಂದು ನಾನು ಹೇಳಲಾರೆ. ಕರುಳಿನ ತಿರುವು ಕೆಲವರಲ್ಲಿ ಕಠಿಣವಾಗಿರುತ್ತದೆ. ಹೊಟ್ಟೆ ಸರಿಯಾಗಿ ಖಾಲಿಯಾಗದೆ ಇದ್ದಿರಬಹುದು. ಎರಡನೇ ಸಲ ಡಾಕ್ಟರೂ ಬೇರೆ, ತಯಾರಿಯೂ ಬೇರೆ. ಆದರೂ ನೀವು ಬಾಗಿಲ ಹೊರಗೆ ಕೇಳಿಸಿಕೊಂಡ ಆ ಮಾತು ಸಣ್ಣದಲ್ಲ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ನೆಟ್ಟಗಿಲ್ಲ. ಎಡಗಡೆ ಕೆಳಹೊಟ್ಟೆಯಲ್ಲಿ ಅದರ ಒಂದು ಭಾಗ ಸಡಿಲವಾಗಿ ತೂಗುತ್ತಿರುತ್ತದೆ. ಡಾಕ್ಟರು ಕೊಳವೆಯನ್ನು ಮುಂದೆ ತಳ್ಳಿದಾಗ ಅದು ಮುಂದೆ ಹೋಗದೆ ಅಲ್ಲೇ ಬಳಸಿಕೊಂಡು ಸುತ್ತು ಹಾಕುತ್ತದೆ. ಕರುಳು ಹಿಗ್ಗುತ್ತದೆ, ಅದನ್ನು ಹಿಡಿದಿಟ್ಟ ಪೊರೆ ಎಳೆಯುತ್ತದೆ. ನಿಮ್ಮ ಯಜಮಾನರು ಕೂಗಿದ್ದು ಬಹುಶಃ ಆ ಹೊತ್ತಿಗೆ. ಆಗ ಹೊರಗಿನಿಂದ ಒಂದು ಅಂಗೈ ಸರಿಯಾದ ಜಾಗದಲ್ಲಿ ಒತ್ತಿ ಹಿಡಿದರೆ ಸುತ್ತು ಬೀಳುವುದಿಲ್ಲ, ಕೊಳವೆ ಮುಂದಕ್ಕೆ ಸಾಗುತ್ತದೆ. ಆ ಅಂಗೈ ಸಹಾಯಕರದ್ದು.

ನಿಮ್ಮ ಪತ್ರ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಪರಿಚಯದ ವೈದ್ಯರೊಬ್ಬರನ್ನು ಕೇಳಿಕೊಂಡೆ. ರೋಗಿಯ ಒಪ್ಪಿಗೆ ಪಡೆದು ಒಂದು ಬೆಳಿಗ್ಗೆ ಕೋಣೆಯ ಮೂಲೆಯಲ್ಲಿ ನಿಂತೆ. ರೋಗಿ ಅಂಕೋಲಾ ಕಡೆಯವರು, ಎಡ ಮಗ್ಗುಲಾಗಿ ಮಲಗಿದ್ದರು. ಸಿಸ್ಟರ್ ಈ ಕೆಲಸಕ್ಕೆ ಬಂದು ಬಹಳ ವರ್ಷವಾಗಿದೆ. ನಾನು ಡಾಕ್ಟರನ್ನು ಬಿಟ್ಟು ಅವರ ಕೈಯನ್ನೇ ನೋಡಿದೆ. ಬೆರಳ ತುದಿಯಿಂದ ಅವರು ಒತ್ತಲೇ ಇಲ್ಲ. ಇಡೀ ಅಂಗೈ ಹೊಟ್ಟೆಯ ಮೇಲೆ ಊರಿತ್ತು. ಕಣ್ಣು ಮಾತ್ರ ಪರದೆಯ ಮೇಲೆ. ಡಾಕ್ಟರು ತಳ್ಳುತ್ತಿದ್ದಾರೆ, ಪರದೆಯ ಚಿತ್ರ ಮಾತ್ರ ಹಿಂದಕ್ಕೆ ಜಾರುತ್ತಿದೆ. ಒಳಗೆ ಸುತ್ತು ಬೀಳುತ್ತಿರುವುದರ ಗುರುತು ಅದು. ಡಾಕ್ಟರು ಬಾಯಿ ಬಿಡುವ ಮೊದಲೇ ಅವರ ಅಂಗೈ ಎರಡು ಬೆರಳಿನಷ್ಟು ಕೆಳಗೆ ಸರಿಯಿತು. ಚಿತ್ರ ನಿಂತಿತು, ಆಮೇಲೆ ಮುಂದೆ ಹೋಯಿತು. ಜತೆಗೇ ರೋಗಿಯ ಕಿವಿಯ ಹತ್ತಿರ, "ಹೊಟ್ಟೆ ಬಿಗಿ ಹಿಡೀಬೇಡಿ ಅಣ್ಣ, ಉಸಿರು ಬಿಡಿ, ಇದೊಂದು ತಿರುವು ಅಷ್ಟೇ" ಎಂದರು.

ಆಮೇಲೆ ಕೇಳಿದೆ, ಜಾಗ ಹೇಗೆ ಗೊತ್ತಾಗುತ್ತದೆ ಎಂದು. "ಕೈ ಕೆಳಗೆ ಕೊಳವೆ ಉಬ್ಬಿದ್ದು ತಿಳೀತದೆ. ಮೊದಲ ಆರು ತಿಂಗಳು ನನಗೂ ತಿಳೀತಿರಲಿಲ್ಲ" ಎಂದರು. ಹೊಸಬರು ಹೆದರಿಕೆಯಲ್ಲಿ ಬೇಗ ಒತ್ತುತ್ತಾರಂತೆ, ಜೋರಾಗಿ ಒತ್ತುತ್ತಾರಂತೆ. ರೋಗಿಗೂ ನೋವು, ತಮ್ಮ ಸೊಂಟಕ್ಕೂ ನೋವು.

ಅವರು ಸುಮ್ನೆ ಹೇಳಿದ ಆ ಆರು ತಿಂಗಳಿಗೆ ಅರ್ಥ ಇದೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ನೋಡಿತ್ತು. ಹೀಗೆ ಕೊಳವೆ ಹಾಕಿ ನೋಡುವ ಎಂಡೋಸ್ಕೋಪಿ ಕೋಣೆಗೆ ಬಂದು ಆರು ತಿಂಗಳಾಗದ ನರ್ಸ್‌ಗಳು ಜತೆಗಿದ್ದಾಗ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯಿತು. ದೊಡ್ಡ ಕರುಳು ಶುರುವಾಗುವ ಜಾಗವಾದ, ಕೊಳವೆ ಕೊನೆಗೆ ಮುಟ್ಟಬೇಕಾದ ಸೀಕಮ್‌ವರೆಗೆ ತಲುಪಿದ್ದು ಕಡಿಮೆ. ಕೂಡಲೇ ಕಾಣುವ ತೊಂದರೆಗಳೂ ಹೆಚ್ಚಿದ್ದವು. 2011ರಲ್ಲಿ ಕೊರಿಯಾದ ಹಲವು ಆಸ್ಪತ್ರೆಗಳು ಸೇರಿ ಇನ್ನೊಂದು ಅಧ್ಯಯನ ಪ್ರಕಟಿಸಿದವು. ಅನುಭವಿ ನರ್ಸ್ ಕೂಡ ಡಾಕ್ಟರ ಜತೆ ಪರದೆ ನೋಡುತ್ತ ನಿಂತಾಗ ಹೆಚ್ಚು ಪಾಲಿಪ್ ಸಿಕ್ಕವು. ಈ ವಿಷಯದಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೆಲವು ಕಡೆ ವ್ಯತ್ಯಾಸ ಸಣ್ಣದು. ಆದರೂ ನಾಲ್ಕು ಕಣ್ಣು ಎರಡು ಕಣ್ಣಿಗಿಂತ ಒಳ್ಳೆಯದು ಎಂದು ನಾನು ನಂಬುತ್ತೇನೆ. ಮಡಿಕೆಯ ಹಿಂದೆ ಅಡಗಿದ ಅಕ್ಕಿಕಾಳಿನಷ್ಟು ಪಾಲಿಪ್ ಕಣ್ಣು ತಪ್ಪಿಸುವುದು ಸುಲಭ.

ಕಣ್ಣು ತಪ್ಪಿದರೆ ಏನಾಗುತ್ತದೆ? ಅಡಿನೋಮ ಎಂಬ ಜಾತಿಯ ಪಾಲಿಪ್‌ಗಳಲ್ಲಿ ಕೆಲವು ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತವೆ. ಅದಕ್ಕೇ ನೂರು ಜನರನ್ನು ಪರೀಕ್ಷಿಸಿದರೆ ಎಷ್ಟು ಜನರಲ್ಲಿ ಅಡಿನೋಮ ಸಿಕ್ಕಿತು ಎಂಬುದನ್ನೇ ಈ ಪರೀಕ್ಷೆಯ ಗುಣಮಟ್ಟದ ಅಳತೆಯಾಗಿ ಇಟ್ಟುಕೊಂಡಿದ್ದಾರೆ. 2014ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಡಾಕ್ಟರ ಈ ಅಳತೆ ಶೇಕಡಾ 1 ಏರಿದಂತೆ ಅವರ ರೋಗಿಗಳಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 3ರಷ್ಟು ಇಳಿದಿತ್ತು. ಕೊಳವೆಯನ್ನು ಹೊರಗೆ ಎಳೆದುಕೊಳ್ಳುವಾಗ ನಿಧಾನ ಬೇಕು. ನಿಜವಾದ ಹುಡುಕಾಟ ನಡೆಯುವುದೇ ಆಗ. ಕನಿಷ್ಠ 6 ನಿಮಿಷ ಎಂಬ ಲೆಕ್ಕ ಇದೆ. 2006ರ ಅಧ್ಯಯನದಲ್ಲಿ 6 ನಿಮಿಷ ಮೀರಿ ನೋಡಿದ ಡಾಕ್ಟರುಗಳಿಗೆ ಶೇಕಡಾ 28.3 ಜನರಲ್ಲಿ ಅಡಿನೋಮ ಸಿಕ್ಕಿತು, ಅವಸರ ಮಾಡಿದವರಿಗೆ ಶೇಕಡಾ 11.8 ಜನರಲ್ಲಿ. ಸೀಕಮ್ ಮುಟ್ಟಿದ ಹೊತ್ತನ್ನು ನಾನು ನೋಡಿದ ಸಿಸ್ಟರ್ ಗಡಿಯಾರ ನೋಡಿ ಗಟ್ಟಿಯಾಗಿ ಹೇಳಿದರು, ಬರೆದೂ ಇಟ್ಟರು. ಡಾಕ್ಟರಿಗೆ ಅವಸರ ಮಾಡಲು ದಾರಿಯೇ ಉಳಿಯಲಿಲ್ಲ.

ಪಾಲಿಪ್ ತೆಗೆಯುವುದಂತೂ ಇಬ್ಬರೂ ಸೇರಿ ಮಾಡುವ ಕೆಲಸ. ತೆಳು ತಂತಿಯ ಒಂದು ಕುಣಿಕೆ ಇರುತ್ತದೆ, ಸ್ನೇರ್ ಎನ್ನುತ್ತಾರೆ. ಡಾಕ್ಟರು ಅದನ್ನು ಪಾಲಿಪ್ ಸುತ್ತ ಕೂರಿಸುತ್ತಾರೆ. ಬಿಗಿಯುವ ಹಿಡಿಕೆ ಹೆಚ್ಚಾಗಿ ಸಹಾಯಕರ ಕೈಯಲ್ಲಿ. ಬೇಗ ಬಿಗಿದರೆ ಅರ್ಧ ಪಾಲಿಪ್ ಅಲ್ಲೇ ಉಳಿಯುತ್ತದೆ. ಕರೆಂಟ್ ಕೊಟ್ಟು ಸುಡುವ ದೊಡ್ಡ ಪಾಲಿಪ್ ಆದರೆ, ಸುಡುವ ಮೊದಲೇ ಬಿಗಿ ಜಾಸ್ತಿಯಾಗಿ ಕತ್ತರಿಸಿಹೋದರೆ ರಕ್ತ ಸುರಿಯಬಹುದು. ನೀವು ಅಡಿಕೆ ತೋಟದವರು, ನಿಮಗೆ ಇದು ಬೇಗ ತಿಳಿಯುತ್ತದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಎಷ್ಟೇ ಗಟ್ಟಿಗನಾಗಿರಲಿ, ಕೆಳಗೆ ಹಗ್ಗ ಹಿಡಿದವನ ಕೈ ಪಳಗಿರದಿದ್ದರೆ ಅಡಿಕೆ ತೋಟದ ತುಂಬ ಚೆಲ್ಲುತ್ತದೆ, ಅಲ್ವಾ? ತೆಗೆದ ಚೂರು ಬಾಟಲಿಗೆ ಬೀಳಬೇಕು, ಬಾಟಲಿಯ ಮೇಲೆ ಸರಿಯಾದ ಹೆಸರು, ಸರಿಯಾದ ಜಾಗ ಇರಬೇಕು. ಅದೂ ಅವರದ್ದೇ ಹೊಣೆ. ಒಬ್ಬರ ಪರೀಕ್ಷೆ ಮುಗಿದ ಮೇಲೆ ಆ ಕೊಳವೆಯ ಒಳದಾರಿಗಳಿಗೆ ಬ್ರಷ್ ಹಾಕಿ ಉಜ್ಜಿ, ಔಷಧದಲ್ಲಿ ಮುಳುಗಿಸಿ, ತೊಳೆದು ಒಣಗಿಸುವವರೂ ಸಹಾಯಕರೇ. ಅದರಲ್ಲಿ ಅವಸರ ಮಾಡಿದರೆ ಒಬ್ಬರ ಸೋಂಕು ಇನ್ನೊಬ್ಬರಿಗೆ.

ಇನ್ನೊಂದು ವಿಷಯ ತಿಳಿದು ನನಗೇ ಆಶ್ಚರ್ಯವಾಯಿತು. ನ್ಯೂಯಾರ್ಕಿನಲ್ಲಿ ಇಬ್ಬರು ವೈದ್ಯರು, ವುಲ್ಫ್ ಮತ್ತು ಶಿನ್ಯಾ, 1969ರಲ್ಲಿ ಈ ಕೊಳವೆಯ ಮೂಲಕ ಪಾಲಿಪ್ ತೆಗೆದು ತೋರಿಸಿದರು. ಆ ಶುರುವಿನ ವರ್ಷಗಳಲ್ಲಿ ಕೊಳವೆಯನ್ನು ಎಷ್ಟೋ ಕಡೆ ಇಬ್ಬರು ಸೇರಿಯೇ ನಡೆಸುತ್ತಿದ್ದರು. ಡಾಕ್ಟರು ಎರಡೂ ಕೈಯಲ್ಲಿ ತುದಿಯನ್ನು ತಿರುಗಿಸುತ್ತಿದ್ದರು, ಕೊಳವೆಯನ್ನು ಒಳಗೆ ತಳ್ಳುತ್ತಿದ್ದದ್ದು ಸಹಾಯಕರು. ಒಬ್ಬರೇ ನಡೆಸುವ ಪದ್ಧತಿ ಆಮೇಲೆ ರೂಢಿಗೆ ಬಂತು.

ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಷ್ಟಕ್ಕೆ ಬರೋಣ. ಇಲ್ಲಿ ಸಹಾಯಕರ ಅನುಭವ ಟೇಬಲ್ ಹತ್ತಿರ ಶುರುವಾಗುವುದಿಲ್ಲ, ಹಿಂದಿನ ದಿನದ ಫೋನಿನಲ್ಲೇ ಶುರುವಾಗುತ್ತದೆ. ಹೊಟ್ಟೆ ತೊಳೆಯುವ ಪುಡಿಯನ್ನು ಎರಡು ಸಲ ಕುಡಿಯಬೇಕು. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕಾರು ಗಂಟೆ ಮೊದಲು. ಹೀಗೆ ಎರಡು ಭಾಗ ಮಾಡಿದರೇ ಕರುಳು ಚೆನ್ನಾಗಿ ತೊಳೆಯುವುದು. ಆದರೆ ಶಿರಸಿಯಿಂದ ಹುಬ್ಬಳ್ಳಿಗೆ, ಕುಮಟಾದಿಂದ ಮಣಿಪಾಲಕ್ಕೆ ಬೆಳಿಗ್ಗೆ ಬಸ್ಸು ಹತ್ತುವವರು ಆ ಎರಡನೇ ಭಾಗ ಕುಡಿಯುವುದು ಹೇಗೆ? ಅರ್ಧ ದಾರಿಯಲ್ಲಿ ಬಸ್ಸು ನಿಲ್ಲಿಸಿ ಎನ್ನಲು ಆಗುತ್ತದೆಯೇ? ಎಷ್ಟೋ ಜನ ಅದನ್ನು ಬಿಟ್ಟೇಬಿಡುತ್ತಾರೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಅನುಭವಿ ಸಿಸ್ಟರ್ ಇದನ್ನು ತಾವಾಗಿಯೇ ಕೇಳುತ್ತಾರೆ. ಊರು ಯಾವುದು, ಎಷ್ಟು ಹೊತ್ತಿನ ದಾರಿ, ರಾತ್ರಿ ಉಳಿಯಲು ನೆಂಟರ ಮನೆ ಇದೆಯೇ, ಇಲ್ಲದಿದ್ದರೆ ಮಧ್ಯಾಹ್ನದ ಸಮಯ ಕೊಡಲೇ ಎಂದು.

ಅವರು ಊಟದ ಮಾತೂ ನಮ್ಮ ಭಾಷೆಯಲ್ಲೇ ಹೇಳುತ್ತಾರೆ. "ನಾರಿನ ಅಂಶ ಕಡಿಮೆ ಇರಲಿ" ಎಂದರೆ ಯಾರಿಗೆ ತಿಳಿಯುತ್ತದೆ? ಕುಚ್ಚಲಕ್ಕಿ ಬೇಡ, ಬಿಳಿ ಅನ್ನ ಸಾಕು. ಸೊಪ್ಪು ಬೇಡ, ಬೀಜದ ತರಕಾರಿ ಬೇಡ. ಹಿಂದಿನ ದಿನ ಎಳನೀರು, ಸೋಸಿದ ಗಂಜಿ ತಿಳಿ ಆಗಬಹುದು, ಮಜ್ಜಿಗೆ ಬೇಡ. ಮುರುಗಲು (ಕೋಕಂ) ಪಾನಕ ಖಂಡಿತ ಬೇಡ, ಅದರ ಕೆಂಪು ಕರುಳಿನಲ್ಲಿ ರಕ್ತದ ಹಾಗೆ ಕಾಣುತ್ತದೆ. ಕವಳವೂ (ಎಲೆ ಅಡಿಕೆ) ಬೇಡ. ನಾನು ನಿಂತಿದ್ದ ಕೋಣೆಯಲ್ಲಿ ಸಿಸ್ಟರ್ ಮೊದಲು ಕೇಳಿದ ಪ್ರಶ್ನೆಯೇ, "ಕೊನೇ ಸಲ ಹೋದದ್ದು ಯಾವ ಬಣ್ಣ? ಚಾ ಬಣ್ಣವೋ, ತಿಳಿ ಹಳದಿ ನೀರೋ?" ಚಾ ಬಣ್ಣ ಎಂದಿದ್ದರೆ ಡಾಕ್ಟರಿಗೆ ಆಗಲೇ ತಿಳಿಸುತ್ತಿದ್ದರಂತೆ. ಕೊಳವೆ ಹಾಕಿದ ಮೇಲೆ ತಿಳಿದರೆ ಏನು ಪ್ರಯೋಜನ?

ಹಾಗಾದರೆ ರೋಗಿಯ ಮನೆಯವರು ಏನು ಕೇಳಬೇಕು? "ನಿಮ್ಮ ಸಹಾಯಕರಿಗೆ ಎಷ್ಟು ವರ್ಷ ಅನುಭವ" ಎಂದು ಕೇಳುವುದರಲ್ಲಿ ತಪ್ಪಿಲ್ಲ, ಮರ್ಯಾದೆಯಿಂದ ಕೇಳಿ. ಹೊಸಬರಿದ್ದರೆ ಜತೆಗೆ ಹಳಬರೊಬ್ಬರು ಇರುತ್ತಾರೆಯೇ ಎಂದು ಕೇಳಿ. ಮುಗಿದ ಮೇಲೆ ರಿಪೋರ್ಟಿನಲ್ಲಿ ಎರಡು ಸಂಗತಿ ನೋಡಿ: ಸೀಕಮ್‌ವರೆಗೆ ಹೋದದ್ದು ಫೋಟೋ ಸಮೇತ ಇದೆಯೇ, ಹೊಟ್ಟೆ ಎಷ್ಟು ಶುಚಿಯಾಗಿತ್ತು ಎಂದು ಬರೆದಿದ್ದಾರೆಯೇ.

ನಿಮ್ಮ ಪತ್ರದಲ್ಲಿ ಆ ಹೊಸ ಹುಡುಗಿಯ ಮೇಲೆ ಸಿಟ್ಟು ಕಾಣಲಿಲ್ಲ. ಅದು ನನಗೆ ಬಹಳ ಹಿಡಿಸಿತು. ಸಿಟ್ಟು ಬರಬೇಕಾದದ್ದು ಅವಳನ್ನು ಒಬ್ಬಳೇ ನಿಲ್ಲಿಸಿದವರ ಮೇಲೆ. ಎಂಡೋಸ್ಕೋಪಿ ಕಲಿಸುವ ಕೋರ್ಸುಗಳು ಇವೆ. ಆದರೂ ನಮ್ಮ ಕಡೆ ಹೆಚ್ಚಿನವರು ಕೋಣೆಯಲ್ಲೇ ನೋಡಿ ಕಲಿಯುತ್ತಾರೆ. ಕೈ ಕುದುರಿತು ಎನ್ನುವಷ್ಟರಲ್ಲಿ ಬೇರೆ ವಾರ್ಡಿಗೆ ಹಾಕುತ್ತಾರೆ, ಇಲ್ಲವೇ ಗುತ್ತಿಗೆ ಮುಗಿಯುತ್ತದೆ. ಲಕ್ಷಗಟ್ಟಲೆ ಕೊಟ್ಟು ಯಂತ್ರ ತರುವ ಆಸ್ಪತ್ರೆಗಳು ಪಳಗಿದ ಕೈಯನ್ನು ಇಷ್ಟು ಸುಲಭವಾಗಿ ಕಳೆದುಕೊಳ್ಳುತ್ತವೆ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದು ವರ್ಷಗಳಿಂದ ಕೇಳುತ್ತಿದ್ದೇವೆ. ಕಟ್ಟಡ ಕೇಳುವಾಗ ಈ ಕೈಗಳನ್ನೂ ಸೇರಿಸಿ ಕೇಳಬೇಕು.

ಇನ್ನು ನಿಮ್ಮ ಮೈದುನ. ಅಣ್ಣನ ಪಾಲಿಪ್ ಯಾವ ಜಾತಿ, ಎಷ್ಟು ದೊಡ್ಡದು ಎಂಬುದರ ಮೇಲೆ ಅದು ನಿಂತಿದೆ. ಬಯಾಪ್ಸಿ ರಿಪೋರ್ಟ್ ತೆಗೆದುಕೊಂಡು ಅವರೇ ಒಮ್ಮೆ ಆ ಡಾಕ್ಟರ ಹತ್ತಿರ ಹೋಗಲಿ. ರಕ್ತ ಹೋಗುತ್ತಿದ್ದರೆ ಮಾತ್ರ ಕಾಯಬಾರದು, ಮೂಲವ್ಯಾಧಿ ಎಂದುಕೊಂಡು ಸುವರ್ಣಗಡ್ಡೆ ಪಲ್ಯ ತಿನ್ನುತ್ತ ಕೂರಬಾರದು. ಯಜಮಾನರ ಎರಡೂ ರಿಪೋರ್ಟುಗಳನ್ನು ಜೋಪಾನವಾಗಿಡಿ. ಅರ್ಧಕ್ಕೆ ನಿಂತದ್ದನ್ನು ಎಸೆಯಬೇಡಿ. ಕೊಳವೆ ಎಲ್ಲಿ ನಿಂತಿತು ಎಂದು ಅದರಲ್ಲಿ ಇರುತ್ತದೆ. ಮುಂದಿನ ಸಲ ಹೊಟ್ಟೆಯ ಮೇಲೆ ಕೈ ಇಡುವವರಿಗೆ ಅದನ್ನು ತೋರಿಸಿ.

— ಸಂಪಾದಕ