ಮನೆಯವರಿಗೆಲ್ಲ ಹಲ್ಲು ಜುಮ್ಮೆನ್ನುತ್ತಿದ್ದರೆ ಅದು ವಂಶದಿಂದಲೇ ಬಂದದ್ದೇ?

ನಿಮಗೆ, ನಿಮ್ಮ ತಾಯಿಗೆ, ತಂಗಿಗೆ ಮೂವರಿಗೂ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ, ಸೆನ್ಸಿಟಿವ್ ಪೇಸ್ಟ್ ಬಳಸಿದರೂ ಹೋಗಿಲ್ಲ, ಇದು ವಂಶದ ದೋಷವೇ ಎಂದು ಕೇಳಿದ್ದೀರಿ. ನಾನು ದಂತವೈದ್ಯೆಯಲ್ಲ. ಊಟಕ್ಕೆ ಕುಳಿತರೆ ಒಬ್ಬರು ಎಡಗಡೆ, ಇನ್ನೊಬ್ಬರು ಬಲಗಡೆ ಮಾತ್ರ ಅಗಿಯುವ ಮನೆಯ ಸೊಸೆ. ಆ ಅನುಭವದ ಮೇಲೆ ಹೇಳುವುದಾದರೆ, ರಕ್ತವನ್ನು ದೂರುವ ಮೊದಲು ನೀರನ್ನೂ ಬ್ರಷ್ಷನ್ನೂ ವಿಚಾರಿಸಿಕೊಳ್ಳಿ. ಮೂವರದೂ ಒಂದೇ ತೊಂದರೆ ಎಂದು ಮೊದಲೇ ತೀರ್ಮಾನಿಸಲೂಬೇಡಿ.

ನಮ್ಮ ಯಜಮಾನರದು ಪಾವಗಡ ತಾಲ್ಲೂಕಿನ ಹಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಆ ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿ ದಾಟಿರುತ್ತದೆ. ಅವರ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು, ನಡುವೆ ಸುಣ್ಣ ಹಚ್ಚಿದಂಥ ಮಚ್ಚೆಗಳು, ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಳಿಗಳು. ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೊದಲ್ಲೂ ತುಟಿ ಬಿಚ್ಚಿಲ್ಲ. ನಾದಿನಿಯ ಹಲ್ಲೂ ಹಾಗೆಯೇ. "ಅವರ ವಂಶವೇ ಹಾಗೆ" ಎಂದು ನೆಂಟರು ಷರಾ ಬರೆದುಬಿಟ್ಟಿದ್ದರು. ಆದರೆ ಮೈಸೂರಿನಲ್ಲಿ ಹುಟ್ಟಿ ಬೆಳೆದ ಅವರ ಚಿಕ್ಕಪ್ಪನ ಮಕ್ಕಳ ಹಲ್ಲಿನಲ್ಲಿ ಒಂದು ಕಲೆಯೂ ಇಲ್ಲ. ವಂಶ ಅದೇ, ನೀರು ಬೇರೆ.

ಬಾಯಿಗೆ ಬರುವ ಮೊದಲೇ, ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾಗಿ ಆಗುವ ಹಾನಿ ಇದು. ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಫಲ. ಆಮೇಲೆ ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ. ತೀವ್ರವಾಗಿದ್ದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಅಂದರೆ ಎನಾಮಲ್, ಚಕ್ಕೆಯೆದ್ದು ಹಲ್ಲು ಜುಮ್ಮೆನ್ನಲು ಶುರುವಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಈಗ ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಆದರೆ ಘಟಕದ ಕ್ಯಾನ್ ನೀರನ್ನು ಕುಡಿಯುವುದಕ್ಕೆ ಮಾತ್ರ ಇಟ್ಟು, ಅನ್ನ, ಸಾರು, ಮುದ್ದೆಯ ಎಸರಿಗೆ ಕೊಳವೆಬಾವಿ ನೀರನ್ನೇ ಸುರಿಯುವ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಡುಗೆಗೂ ಘಟಕದ ನೀರೇ ಆಗಬೇಕು. ನಿಮ್ಮದು ಕೊಳವೆಬಾವಿ ನೀರಾದರೆ ಪರೀಕ್ಷೆಗೆ ಎಲ್ಲಿ ಕೊಡಬೇಕೆಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ನಮ್ಮ ಅತ್ತೆಯ ಕತೆಯೇ ಬೇರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಜೊತೆಗೆ ಎಲೆ, ಅಡಿಕೆ, ಹೊಗೆಸೊಪ್ಪು. ಒಸಡು ಮೇಲಕ್ಕೆ ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತಿತ್ತು. ಬೇರಿನ ಮೇಲೆ ಎನಾಮಲ್ ಇರುವುದೇ ಇಲ್ಲ, ಹಾಗಾಗಿ ಮಜ್ಜಿಗೆ ಕುಡಿದರೂ ಮುಖ ಹಿಂಡುತ್ತಿದ್ದರು. ಹಲ್ಲಿಗೆ ಅಂಟಿ ಗಟ್ಟಿಯಾದ ಗಾರೆ ತೆಗೆಸೋಣ ಎಂದರೆ ಹಲ್ಲು ಸಡಿಲವಾಗುತ್ತದೆ, ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತದೆ ಎಂಬ ಹಟ. ಮೇಲಿನ ಹಲ್ಲಿಗೂ ದೃಷ್ಟಿಗೂ ಸಂಬಂಧವಿಲ್ಲ. ಹಲ್ಲು ಅಲುಗಾಡುವಂತೆ ಮಾಡುವುದು ಒಸಡಿನ ರೋಗ. ಆ ಅಲುಗಾಟವನ್ನು ಗಾರೆ ಮುಚ್ಚಿಟ್ಟಿರುತ್ತದೆ ಅಷ್ಟೆ. ಕೊನೆಗೆ ಮೊಮ್ಮಗಳ ಮಾತಿಗೆ ಒಪ್ಪಿದರು, ನಮ್ಮ ಮಾತಿಗಲ್ಲ. ಗಾರೆ ತೆಗೆಸಿದ ಮೇಲೆ ಕೆಲವು ದಿನ ಜುಮ್ಮೆನ್ನುವುದು ಹೆಚ್ಚಾಯಿತು, ಆಮೇಲೆ ಇಳಿಯಿತು. ಸಕ್ಕರೆ ಹಿಡಿತಕ್ಕೆ ಬಾರದೆ ಒಸಡು ಸುಧಾರಿಸುವುದು ಕಷ್ಟ ಎಂದು ವೈದ್ಯರು ಅವರಿಗೆ ನೇರವಾಗಿಯೇ ಹೇಳಿದ್ದಾರೆ.

ಓರಗಿತ್ತಿ ಬೆಳಿಗ್ಗೆ ನಿಂಬೆರಸದ ಬಿಸಿನೀರು ಕುಡಿದು, ಕೂಡಲೇ ಗಡಸು ಬ್ರಷ್ಷಿನಲ್ಲಿ ಪಾತ್ರೆಯಂತೆ ತಿಕ್ಕುವವಳು. ಹುಳಿಗೆ ಮೆತ್ತಗಾದ ಎನಾಮಲ್ ಆಗ ಬೇಗ ಸವೆಯುತ್ತದೆ. ಅವಳ ಎಡಗಡೆಯ ಹಲ್ಲುಗಳಲ್ಲಿ ಒಸಡಿನ ಪಕ್ಕಕ್ಕೇ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿತ್ತು. ಬಲಗೈಯವರು ಜೋರಾಗಿ ಉಜ್ಜುವುದು ಹೆಚ್ಚಾಗಿ ಆ ಬದಿಯನ್ನೇ. ದಂತವೈದ್ಯರು ಅಲ್ಲಿಗೆ ಫಿಲ್ಲಿಂಗ್ ಹಾಕಿ, ಮೆದು ಬ್ರಷ್ ಕೊಡಿಸಿ, ಹುಳಿ ಕುಡಿದ ಮೇಲೆ ಅರ್ಧ ಗಂಟೆ ಬಿಟ್ಟು ಉಜ್ಜು ಎಂದರು.

ಇನ್ನು ಪೇಸ್ಟಿನ ವಿಚಾರ. ಎನಾಮಲ್ಲಿನ ಕೆಳಗಿನ ಪದರದಲ್ಲಿ ನರದ ಕಡೆಗೆ ಹೋಗುವ ಅತಿ ಸೂಕ್ಷ್ಮ ನಳಿಕೆಗಳಿವೆ. ಎನಾಮಲ್ ಸವೆದು ಅವು ಬಯಲಾದರೆ, ತಣ್ಣನೆಯದು ತಾಗಿದಾಗ ಒಳಗಿನ ದ್ರವ ಕದಲಿ ನೋವಾಗುತ್ತದೆ. ಕೆಲವು ಪೇಸ್ಟುಗಳಲ್ಲಿರುವ ಪೊಟ್ಯಾಸಿಯಂ ನೈಟ್ರೇಟ್ ನರವನ್ನು ಶಾಂತಗೊಳಿಸುತ್ತದೆ. ಇನ್ನು ಕೆಲವು ಆ ನಳಿಕೆಗಳ ಬಾಯಿ ಮುಚ್ಚುತ್ತವೆ. ಯಾವುದಾದರೂ ದಿನಕ್ಕೆ ಎರಡು ಬಾರಿ ಬಳಸಿದರೆ ಎರಡರಿಂದ ನಾಲ್ಕು ವಾರ ಬೇಕು. ಉಜ್ಜಿ ಉಗುಳಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಮದ್ದೂ ನೀರಿನೊಂದಿಗೇ ಹೋಯಿತು. ನಾಲ್ಕು ದಿನ ಬಳಸಿ ಪೇಸ್ಟನ್ನು ಬೈಯುವವರೇ ಹೆಚ್ಚು.

ತಣ್ಣನೆಯದು ತೆಗೆದ ಕೂಡಲೇ ನೋವು ನಿಂತರೆ ಪೇಸ್ಟಿಗೆ ಅವಕಾಶ ಕೊಟ್ಟು ನೋಡಬಹುದು. ನೋವು ನಿಮಿಷಗಟ್ಟಲೆ ಉಳಿದರೆ, ಬಿಸಿ ಕಾಫಿಗೂ ಬಂದರೆ, ಕಚ್ಚಿದಾಗ ಚುಚ್ಚಿದರೆ, ರಾತ್ರಿ ಎಬ್ಬಿಸಿದರೆ ಒಳಗೆ ಹುಳುಕೋ ಬಿರುಕೋ ಇರಬಹುದು. ಅದಕ್ಕೆ ಯಾವ ಪೇಸ್ಟೂ ಸಾಲದು. ಲವಂಗದ ಎಣ್ಣೆ ಆ ಹೊತ್ತಿಗೆ ಮರಗಟ್ಟಿಸುತ್ತದೆ, ವಾಸಿ ಮಾಡುವುದಿಲ್ಲ. ನೋವಿನ ಮಾತ್ರೆಯನ್ನು ಹಲ್ಲಿನ ಸಂದಿಯಲ್ಲಿ ಒತ್ತಿಡಬೇಡಿ, ಒಸಡು ಸುಟ್ಟುಹೋಗುತ್ತದೆ.

ಎನಾಮಲ್ ಸರಿಯಾಗಿ ಕಟ್ಟದೇ ಇರುವ ವಂಶವಾಹಿ ತೊಂದರೆಯೂ ಉಂಟು. ಅದು ಅಪರೂಪ, ಸಾಮಾನ್ಯವಾಗಿ ಹಾಲುಹಲ್ಲಿನಲ್ಲೇ ಕಾಣಿಸಿಕೊಳ್ಳುತ್ತದೆ. ನಿಮ್ಮ ಹಾಲುಹಲ್ಲುಗಳೂ ಹಾಗಿದ್ದವೇ ಎಂದು ತಾಯಿಯನ್ನು ಕೇಳಿ, ವೈದ್ಯರಿಗೆ ಹೇಳಿ. ಖರ್ಚಿನ ಯೋಚನೆಯಿದ್ದರೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿಗೇ ಕೆಲಸ ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ಹಣ ಕಡಿಮೆ. ಮೂವರೂ ಒಟ್ಟಿಗೆ ಹೋದರೂ ಚೀಟಿ ಬೇರೆ ಬೇರೆ ಮಾಡಿಸಿ, ಬೆಳಿಗ್ಗೆ ಬೇಗ ಹೋಗಿ.